ಹುಲ್ಲಲ್ಲಿ ಸಿಕ್ಕ ಚೆಂಡು ನಿಮ್ಮದೇನಾ?

ಪ್ರಶ್ನೆ: ಹೋದ ಭಾನುವಾರ ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಸ್ಟ್ರೋಕ್ ಪ್ಲೇ (ಒಟ್ಟು ಏಟು ಎಣಿಸುವ) ಸ್ಪರ್ಧೆ ಇತ್ತು. ಹಿಂದಿನ ರಾತ್ರಿ ಜೋರು ಮಳೆ. 11ನೇ ಹೋಲಿನಲ್ಲಿ ನನ್ನ ಟೀ ಶಾಟ್ (ಹೋಲಿನ ಮೊದಲ ಏಟು) ಬಲಕ್ಕೆ ತಿರುಗಿ, ಉದ್ದ ಹುಲ್ಲಿನ ರಫ್‌ನಲ್ಲಿ ಬಿತ್ತು. ನನ್ನ ಚೀಲ ಹೊರುವ ಕ್ಯಾಡಿ ಒಂದು ಚೆಂಡು ತೋರಿಸಿದ. ಅರ್ಧ ಕೆಸರಲ್ಲಿ ಹೂತಿತ್ತು. ಬ್ರ್ಯಾಂಡಿನ ಹೆಸರು ಸ್ವಲ್ಪ ಕಾಣುತ್ತಿತ್ತು, ನಂಬರ್ ಕಾಣುತ್ತಿರಲಿಲ್ಲ. ಎತ್ತಿ, ಪ್ಯಾಂಟಿಗೆ ಒರೆಸಿ, ನನ್ನದೇ ಅಂತ ನೋಡಿಕೊಂಡು, ಮತ್ತೆ ಅಲ್ಲೇ ಇಟ್ಟು ಹೊಡೆದೆ. ನನ್ನ ಕಾರ್ಡ್ ಬರೆಯುತ್ತಿದ್ದ ಮಾರ್ಕರ್ ‘ನನಗೆ ಹೇಳದೆ ಎತ್ತಿದಿರಿ, ಒಂದು ಸ್ಟ್ರೋಕ್ ಪೆನಾಲ್ಟಿ’ ಅಂದರು. ಇನ್ನೊಬ್ಬರು ‘ಆ ರೂಲ್ ಹೋಗಿ ಎಷ್ಟೋ ವರ್ಷ ಆಯ್ತು, ಏನೂ ಇಲ್ಲ’ ಅಂದರು. ಯಾರು ಸರಿ? ಇನ್ನೊಂದು ಪ್ರಶ್ನೆ: ಜೊತೆಯಲ್ಲಿ ಆಡುವವರದೂ ನನ್ನದೂ ಒಂದೇ ಬ್ರ್ಯಾಂಡ್, ಒಂದೇ ನಂಬರ್ ಆಗಿದ್ದರೆ ಏನು ಮಾಡಬೇಕು?
ಮೈಸೂರಿನ ಓದುಗರೊಬ್ಬರು

ಉತ್ತರ: ಇಬ್ಬರೂ ಅರ್ಧರ್ಧ ಸರಿ ಹೇಳಿದ್ದಾರೆ. ನಿಮಗೆ ಒಂದು ಸ್ಟ್ರೋಕ್ ಪೆನಾಲ್ಟಿ ಇದೆ. ಆದರೆ ನಿಮ್ಮ ಮಾರ್ಕರ್ ಕೊಟ್ಟ ಕಾರಣಕ್ಕಲ್ಲ.

2019ಕ್ಕಿಂತ ಮುಂಚೆ ಚೆಂಡು ನಿಮ್ಮದಾ ಅಂತ ನೋಡಲು ಎತ್ತಬೇಕಾದರೆ ಮೊದಲು ಮಾರ್ಕರ್‌ಗೋ ಎದುರಾಳಿಗೋ ಹೇಳಬೇಕಿತ್ತು. ಅವರು ಹತ್ತಿರ ಬಂದು ನೋಡಲು ಅವಕಾಶವನ್ನೂ ಕೊಡಬೇಕಿತ್ತು. ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಅನ್ನುವ, ಆಟದ ನಿಯಮ ಮಾಡುವ ಎರಡು ಸಂಸ್ಥೆಗಳು ಸೇರಿ ಆ ವರ್ಷ ಇಡೀ ರೂಲ್ ಪುಸ್ತಕವನ್ನು ಹೊಸದಾಗಿ ಬರೆದವು. ಆಗ ಈ ‘ಹೇಳಿ ಎತ್ತು’ ಅನ್ನುವ ಮಾತು ಹೋಯಿತು. ಈಗ ಯಾರಿಗೂ ಹೇಳಬೇಕಾಗಿಲ್ಲ. ಆದರೂ ನಾನು ಒಂದು ಮಾತು ಕೂಗಿ ಹೇಳುತ್ತೇನೆ. ಪೊದೆಯೊಳಗೆ ಬಗ್ಗಿ ಚೆಂಡು ಕೈಗೆತ್ತಿಕೊಂಡವನನ್ನು ದೂರದಿಂದ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ?

ಹಾಗಾದರೆ ಪೆನಾಲ್ಟಿ ಯಾಕೆ? ರೂಲ್ 7.3 ಇವತ್ತಿಗೂ ಮೂರು ವಿಷಯ ಕೇಳುತ್ತದೆ. ಎತ್ತುವ ಅಗತ್ಯ ನಿಜವಾಗಿ ಇರಬೇಕು. ಎತ್ತುವ ಮೊದಲು ಚೆಂಡು ಇರುವ ಜಾಗಕ್ಕೆ ಗುರುತು ಹಾಕಬೇಕು. ಗುರುತು ಹಿಡಿಯಲು ಎಷ್ಟು ಬೇಕೋ ಅಷ್ಟನ್ನೇ ಒರೆಸಬೇಕು. ನಿಮ್ಮ ಪತ್ರದಲ್ಲಿ ಮೊದಲನೆಯದಕ್ಕೆ ತೊಂದರೆ ಇಲ್ಲ. ನಂಬರ್ ಕಾಣದೆ ಕೆಸರಲ್ಲಿ ಹೂತಿರುವ ಚೆಂಡನ್ನು ಎತ್ತದೆ ಹೇಗೆ ನೋಡುವುದು? ಎರಡನೆಯದರಲ್ಲಿ ಸಿಕ್ಕಿಬಿದ್ದಿರಿ. ಟೀ (ಚೆಂಡು ಕೂರಿಸುವ ಕಡ್ಡಿ) ಚುಚ್ಚಿದ್ದನ್ನಾಗಲಿ, ನಾಣ್ಯ ಇಟ್ಟಿದ್ದನ್ನಾಗಲಿ ನೀವು ಎಲ್ಲೂ ಬರೆದಿಲ್ಲ. ಮೂರನೆಯದರಲ್ಲೂ ಸಿಕ್ಕಿಬಿದ್ದಿರಿ. ಪ್ಯಾಂಟಿಗೆ ಒರೆಸಿದರೆ ಚೆಂಡು ಪೂರ್ತಿ ಶುದ್ಧವಾಗುತ್ತದೆ. ನಂಬರ್ ಇರುವ ಕಡೆ ಹೆಬ್ಬೆರಳಿನಿಂದ ಒಂದು ಸಲ ಸವರಿದ್ದರೆ ಸಾಕಿತ್ತು. ಉಳಿದ ಮಣ್ಣು ಹಾಗೇ ಇರಬೇಕಿತ್ತು.

ಎರಡು ತಪ್ಪಿಗೆ ಎರಡು ಸ್ಟ್ರೋಕ್ ಅಂತ ಹೆದರಬೇಡಿ. ಒಂದೇ ಸಲ ಎತ್ತಿದಾಗ ಆದ ತಪ್ಪುಗಳು ಅವು. ಎಲ್ಲ ಸೇರಿ ಒಂದೇ ಸ್ಟ್ರೋಕ್. ಎತ್ತದೆ ಇದ್ದಲ್ಲೇ ಬೆರಳಿನಿಂದ ಹೊರಳಿಸಿ ನೋಡಿದರೂ ಇದೇ ಲೆಕ್ಕ. ಹೊರಳಿಸುವ ಮೊದಲೂ ಗುರುತು ಹಾಕಬೇಕು. ಇದು ಎಷ್ಟೋ ಹಳೇ ಆಟಗಾರರಿಗೂ ಗೊತ್ತಿಲ್ಲ. ‘ನಾನು ಎತ್ತಲೇ ಇಲ್ಲವಲ್ಲ’ ಅಂತ ವಾದ ಮಾಡುತ್ತಾರೆ.

ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ನಿಮ್ಮ ‘ಮತ್ತೆ ಅಲ್ಲೇ ಇಟ್ಟು’ ಅನ್ನುವ ಮಾತು. ಅಲ್ಲೇ ಅಂದರೆ ಎಲ್ಲಿ? ಚೆಂಡು ಇದ್ದದ್ದು ಕೆಸರಿನ ಗುಳಿಯಲ್ಲಿ. ಮತ್ತೆ ಆ ಗುಳಿಯಲ್ಲೇ ಇಟ್ಟಿರಾ, ಇಲ್ಲ ಪಕ್ಕದ ಹುಲ್ಲಿನ ಮೇಲೆ ಮೆಲ್ಲಗೆ ಕೂರಿಸಿದಿರಾ? ಚೆಂಡಿನ ಜಾಗ ಅಂದರೆ ಅದು ಎಷ್ಟು ಆಳದಲ್ಲಿತ್ತು ಅನ್ನುವುದೂ ಸೇರುತ್ತದೆ. ಹುಲ್ಲಿನ ಬುಡದಲ್ಲಿದ್ದದ್ದನ್ನು ಹುಲ್ಲಿನ ತುದಿಯಲ್ಲಿಟ್ಟು ಹೊಡೆದರೆ ತಪ್ಪು ಜಾಗದಿಂದ ಆಡಿದ ಹಾಗೆ. ಅದಕ್ಕೆ ಎರಡು ಸ್ಟ್ರೋಕ್. ಕೈಯಾರೆ ಗುಳಿಯಲ್ಲೇ ಇಟ್ಟಿದ್ದರೆ ಒಂದಕ್ಕೇ ನಿಲ್ಲುತ್ತದೆ. ಇದು ನಿಮಗೆ ಮಾತ್ರ ಗೊತ್ತು.

ಇಲ್ಲಿ ನಿಮಗೆ ಹೊಟ್ಟೆ ಉರಿಸುವ ಒಂದು ವಿಷಯ ಹೇಳಲೇಬೇಕು. ಹಿಂದಿನ ರಾತ್ರಿ ಮಳೆ, ಮೆತ್ತನೆ ನೆಲ, ಮೇಲಿಂದ ಬಿದ್ದ ಟೀ ಶಾಟ್, ಅರ್ಧ ಹೂತ ಚೆಂಡು. ಬಿದ್ದ ರಭಸಕ್ಕೆ ತಾನೇ ಮಾಡಿಕೊಂಡ ಗುಳಿಯಲ್ಲಿ ಅದು ಕೂತಿದ್ದರೆ, ಅದರ ಒಂದಿಷ್ಟಾದರೂ ಭಾಗ ನೆಲದ ಮಟ್ಟಕ್ಕಿಂತ ಕೆಳಗಿದ್ದರೆ, ಅದು ‘ಎಂಬೆಡೆಡ್’ ಚೆಂಡು. ರೂಲ್ 16.3ರ ಪ್ರಕಾರ ಪೆನಾಲ್ಟಿಯೇ ಇಲ್ಲದೆ ಹೊರಗೆ ತೆಗೆಯಬಹುದಿತ್ತು. ಹೂತ ಚೆಂಡಿನ ಸರಿಯಾಗಿ ಹಿಂಬದಿಯ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಡ್ರಾಪ್. ಆಗ ಚೆಂಡನ್ನು ಪ್ಯಾಂಟಿಗಲ್ಲ, ಟವೆಲ್ಲಿಗೆ ಉಜ್ಜಿ ಫಳಫಳ ಅನ್ನಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. 2019ರಿಂದ ಈ ಸೌಲಭ್ಯ ರಫ್‌ನಲ್ಲೂ ಇದೆ. ಸುಮ್ನೆ ಹುಲ್ಲಿನಲ್ಲಿ ಮುಳುಗಿದ್ದರೆ, ಇಲ್ಲವೇ ಯಾರೋ ತುಳಿದು ಒತ್ತಿದ್ದರೆ ಅದು ಎಂಬೆಡೆಡ್ ಅಲ್ಲ. ಅನುಮಾನ ಇದ್ದರೆ ಟೀ ಚುಚ್ಚಿ, ಎತ್ತಿ, ಗುಳಿ ನೋಡಿ. ಒರೆಸುವುದು ಮಾತ್ರ ಅದು ಖಾತ್ರಿಯಾದ ಮೇಲೆ. ಮಳೆಗಾಲದಲ್ಲಿ ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಆಡುವವರು ಬೇರೆ ಯಾವ ರೂಲ್ ಮರೆತರೂ ಇದೊಂದನ್ನು ಮರೆಯಬಾರದು.

ಇನ್ನು ಗುರುತು ಹಿಡಿಯುವ ವಿಷಯ. ‘ನನ್ನದೇ ಅಂತ ನೋಡಿಕೊಂಡೆ’ ಅಂದಿರಿ. ಏನನ್ನು ನೋಡಿ? ರೂಲ್ 7.2 ಮೂರು ದಾರಿ ಕೊಡುತ್ತದೆ. ಚೆಂಡು ಬಂದು ನಿಂತದ್ದನ್ನು ನೀವೋ ಬೇರೆ ಯಾರಾದರೋ ಕಣ್ಣಾರೆ ಕಂಡಿರಬೇಕು. ಇಲ್ಲ ಚೆಂಡಿನ ಮೇಲೆ ನೀವೇ ಹಾಕಿದ ಗುರುತು ಇರಬೇಕು. ಇಲ್ಲ ಅದೇ ಬ್ರ್ಯಾಂಡ್, ಅದೇ ಮಾಡೆಲ್, ಅದೇ ನಂಬರ್, ಅದೇ ಸ್ಥಿತಿಯ ಚೆಂಡು, ನಿಮ್ಮದು ಇರಬಹುದಾದ ಜಾಗದಲ್ಲೇ ಸಿಗಬೇಕು. ‘ಅದೇ ಸ್ಥಿತಿ’ ಅನ್ನುವುದು ಮುಖ್ಯ. ನೀವು ಬೆಳಿಗ್ಗೆ ಡಬ್ಬಿ ಒಡೆದು ಹೊಸ ಚೆಂಡು ತೆಗೆದಿದ್ದರೆ, ಸಿಕ್ಕಿದ್ದು ಹಳದಿಗೆ ತಿರುಗಿ ಗೀಚಿಹೋಗಿದ್ದರೆ, ನಂಬರ್ ಒಂದೇ ಆದರೂ ಅದು ನಿಮ್ಮದಲ್ಲ. ನಮ್ಮ ಕೋರ್ಸುಗಳ ರಫ್‌ನಲ್ಲಿ ಯಾರ್ಯಾರದೋ ಕಳೆದ ಚೆಂಡುಗಳು ಬೇಕಾದಷ್ಟು ಬಿದ್ದಿರುತ್ತವೆ. ಜನಪ್ರಿಯ ಬ್ರ್ಯಾಂಡುಗಳು ಸಾಮಾನ್ಯವಾಗಿ 1ರಿಂದ 4ರವರೆಗೆ ಮಾತ್ರ ನಂಬರ್ ಹಾಕುತ್ತವೆ. ನಾಲ್ಕರಲ್ಲಿ ಒಂದು ನಿಮ್ಮದಕ್ಕೆ ಹೊಂದಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಮೂರನೇ ದಾರಿಗೆ ಒಂದು ಕೊಕ್ಕೆಯೂ ಇದೆ. ಅದೇ ಜಾಗದಲ್ಲಿ ಅಂಥದ್ದೇ ಇನ್ನೊಂದು ಚೆಂಡು ಇದ್ದು, ಯಾವುದು ನಿಮ್ಮದು ಅಂತ ಹೇಳಲು ಆಗದಿದ್ದರೆ ಆ ದಾರಿ ಮುಚ್ಚಿತು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ.

ಬೆಂಗಳೂರಿನಲ್ಲಿ ಒಂದು ಕಂಪನಿ ಟೂರ್ನಿ. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಚೀಲ ಕೊಟ್ಟರು. ಟೋಪಿ, ಸನ್‌ಸ್ಕ್ರೀನ್, ಕಂಪನಿಯ ಲೋಗೋ ಹಾಕಿದ ಮೂರು ಚೆಂಡು. ಹೊಸ ಚೆಂಡು ಅಂದರೆ ಯಾರು ಬಿಡುತ್ತಾರೆ? ಮೊದಲ ಟೀಯಲ್ಲೇ ಅದನ್ನೇ ಇಟ್ಟೆ. ನನ್ನ ಜೊತೆಯವರೂ ಅದನ್ನೇ ಇಟ್ಟರು. ಇಬ್ಬರದೂ 3. ಆರನೇ ಹೋಲಿನಲ್ಲಿ ಇಬ್ಬರೂ ಎಡಕ್ಕೆ ಎಳೆದು ಹೊಡೆದೆವು. ಲಂಟಾನ ಪೊದೆಯ ಬುಡದಲ್ಲಿ ಎರಡೂ ಚೆಂಡು ಸಿಕ್ಕವು, ಒಂದಕ್ಕೊಂದು ಎರಡಡಿ ದೂರ. ಎರಡರ ಮೇಲೂ 3, ಎರಡರ ಮೇಲೂ ಅದೇ ಲೋಗೋ, ಎರಡೂ ಐದು ಹೋಲಿನಷ್ಟೇ ಹಳೆಯವು. ಒಂದು ಹೊಡೆಯುವ ಹಾಗೆ ಇತ್ತು, ಇನ್ನೊಂದು ಬೇರಿನ ಸಂದಿಯಲ್ಲಿ. ‘ನಿಮಗೆ ಅದು, ನನಗೆ ಇದು’ ಅಂತ ಹಂಚಿಕೊಳ್ಳಲು ಇದು ಬೋಂಡಾ ತಟ್ಟೆ ಅಲ್ಲ. ಯಾವುದು ಯಾರದು ಅಂತ ಹೇಳಲು ಆಗದಿದ್ದರೆ ಎರಡೂ ಕಳೆದುಹೋದ ಲೆಕ್ಕ. ಎರಡು ಚೆಂಡು ಕಣ್ಣೆದುರು ಬಿದ್ದಿದ್ದರೂ ಇಬ್ಬರೂ ತಲಾ ಒಂದು ಪೆನಾಲ್ಟಿ ಹಾಕಿಕೊಂಡು ಟೀಗೆ ವಾಪಸ್ ನಡೆದೆವು. ಹಿಂದೆ ಕಾಯುತ್ತಿದ್ದ ತಂಡದವರ ಮುಖ ನಾನಿನ್ನೂ ಮರೆತಿಲ್ಲ.

ಆದ್ದರಿಂದ ಮೊದಲ ಟೀಯಲ್ಲೇ ಕೇಳಿ. ‘ನಂದು ಇಂಥ ಬ್ರ್ಯಾಂಡು, ನಂಬರ್ 2, ನೀಲಿ ಚುಕ್ಕೆ’ ಅಂತ ಹೇಳಿ ತೋರಿಸಿ. ಒಂದೇ ಥರ ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ.

ಪ್ರೊವಿಷನಲ್ ಬಾಲ್ ಆಡುವಾಗಲೂ ಇದೇ ಪೇಚು, ಅದೂ ನಿಮ್ಮ ಜೊತೆ ನಿಮಗೇ. ಮೊದಲನೇದು ಕಳೆದಿರಬಹುದು ಅಂತ ಚೀಲದಿಂದ ಅಂಥದ್ದೇ ಇನ್ನೊಂದು ತೆಗೆದು ಅದೇ ದಿಕ್ಕಿಗೆ ಹೊಡೆಯುತ್ತೀರಿ. ಹೋಗಿ ನೋಡಿದರೆ ಒಂದೇ ಚೆಂಡು ಸಿಗುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಅದನ್ನು ಪ್ರೊವಿಷನಲ್ ಅಂತಲೇ ಹಿಡಿಯಬೇಕು. ಎರಡೂ ಸಿಕ್ಕಿ ಬೇರೆ ಮಾಡಲು ಆಗದಿದ್ದರೂ ಒಂದನ್ನು ಆರಿಸಿ ಅದನ್ನು ಪ್ರೊವಿಷನಲ್ ಅನ್ನಬೇಕು. ಅಂದರೆ ಮೊದಲನೇದು ಕಳೆದ ಲೆಕ್ಕ, ಎರಡರಲ್ಲೂ ಸೋಲು ನಿಮ್ಮದೇ. ಪ್ರೊವಿಷನಲ್‌ಗೆ ಬೇರೆ ನಂಬರಿನ ಚೆಂಡು ತೆಗೆದು, ನಂಬರನ್ನು ಜೋರಾಗಿ ಹೇಳಿ ಹೊಡೆದರೆ ಕೆಲಸ ಮುಗಿಯಿತು.

ಬೇರೆಯವರ ಚೆಂಡನ್ನು ಹೊಡೆದೇಬಿಟ್ಟರೆ? ಅದಕ್ಕೆ ರಾಂಗ್ ಬಾಲ್ ಅನ್ನುತ್ತಾರೆ. ಸ್ಟ್ರೋಕ್ ಪ್ಲೇನಲ್ಲಿ ಎರಡು ಸ್ಟ್ರೋಕ್ ಪೆನಾಲ್ಟಿ. ಆ ಚೆಂಡಿನಲ್ಲಿ ಹೊಡೆದ ಏಟುಗಳು ಲೆಕ್ಕಕ್ಕಿಲ್ಲ. ವಾಪಸ್ ಹೋಗಿ ಸರಿಯಾದ ಚೆಂಡಿನಿಂದ ಆಡಬೇಕು. ಸರಿಪಡಿಸದೆ ಮುಂದಿನ ಹೋಲಿನ ಟೀಯಿಂದ ಹೊಡೆದರೆ ಡಿಸ್ಕ್ವಾಲಿಫೈ. ಸ್ಟೇಬಲ್‌ಫೋರ್ಡ್ (ಹೋಲಿಗಿಷ್ಟು ಪಾಯಿಂಟ್ ಅಂತ ಕೊಡುವ ಆಟ) ಆದರೆ ಅಷ್ಟು ಕಠಿಣ ಅಲ್ಲ, ಆ ಹೋಲಿಗೆ ಸೊನ್ನೆ ಪಾಯಿಂಟ್. ಹೋಲ್ ಹೋಲಿಗೆ ಗೆಲುವು ಸೋಲು ಎಣಿಸುವ ಮ್ಯಾಚ್ ಪ್ಲೇನಲ್ಲಿ ಹೋಲ್ ಹೋಯಿತು. ಅಲ್ಲಿ ಇಬ್ಬರೂ ಒಬ್ಬರದು ಒಬ್ಬರು ಹೊಡೆದಿದ್ದರೆ ಮೊದಲು ಹೊಡೆದವರಿಗೆ ಸೋಲು. ಯಾರು ಮೊದಲು ಅಂತ ಗೊತ್ತಿಲ್ಲದಿದ್ದರೆ ಪೆನಾಲ್ಟಿ ಇಲ್ಲ, ಅದಲುಬದಲಾದ ಚೆಂಡಿನಲ್ಲೇ ಹೋಲ್ ಮುಗಿಸಬೇಕು.

ಇದು ನಮ್ಮ ನಿಮ್ಮಂಥವರಿಗೆ ಮಾತ್ರ ಆಗುವುದಲ್ಲ. 1994ರ ಬ್ರಿಟಿಷ್ ಓಪನ್, ಸ್ಕಾಟ್ಲೆಂಡಿನ ಟರ್ನ್‌ಬೆರ್ರಿ. ಆ ಹೊತ್ತಿಗೆ ಮೂರು ಸಲ ಇದೇ ಓಪನ್ ಗೆದ್ದಿದ್ದ ನಿಕ್ ಫಾಲ್ಡೊ ಮೊದಲ ದಿನ 17ನೇ ಹೋಲಿನ ರಫ್‌ನಲ್ಲಿ ಜಿಮ್ ಮೆಕ್‌ಗವರ್ನ್ ಅವರ ಚೆಂಡನ್ನು ತಮ್ಮದೆಂದು ಹೊಡೆದರು. ಆ ಹೋಲಿಗೆ 8 ಬರೆಯಬೇಕಾಯಿತು. ಅಷ್ಟು ಹುಷಾರಾಗಿ ಆಡುವವರೂ ಬಗ್ಗಿ ನೋಡದೆ ಹೊಡೆದದ್ದಕ್ಕೆ ತೆತ್ತ ಬೆಲೆ ಅದು.

ಬಂಕರಿನ (ಮರಳು ತುಂಬಿದ ಗುಳಿ) ಬಗ್ಗೆ ಒಂದು ಹಳೇ ನಂಬಿಕೆ ಇನ್ನೂ ಓಡಾಡುತ್ತಿದೆ, ಅಲ್ಲಿ ರಾಂಗ್ ಬಾಲ್ ಹೊಡೆದರೆ ಪೆನಾಲ್ಟಿ ಇಲ್ಲ ಅಂತ. ಒಂದು ಕಾಲದಲ್ಲಿ ನಿಜ. ಬಂಕರಿನಲ್ಲಿ ಗುರುತು ನೋಡಲು ಎತ್ತುವ ಹಾಗೇ ಇರಲಿಲ್ಲ, ಆದ್ದರಿಂದ ತಪ್ಪಿಗೆ ಮಾಫಿ ಇತ್ತು. 2008ರಲ್ಲಿ ಎತ್ತಲು ಬಿಟ್ಟರು, ಮಾಫಿ ತೆಗೆದರು. ಈಗ ಮರಳಲ್ಲಿ ಪೂರ್ತಿ ಮುಚ್ಚಿಹೋಗಿದ್ದರೆ ಮರಳು ಸರಿಸಿ ನೋಡಬಹುದು. ನೋಡಿದ ಮೇಲೆ ಮರಳನ್ನು ಮೊದಲಿದ್ದ ಹಾಗೇ ಮುಚ್ಚಬೇಕು. ಚೆಂಡಿನ ಚೂರು ಭಾಗ ಮಾತ್ರ ಕಾಣುವಂತೆ ಬಿಡಬಹುದು. ಮುಚ್ಚದೆ ಹೊಡೆದರೆ ಎರಡು ಸ್ಟ್ರೋಕ್.

ಹುಡುಕುವಾಗ ಕಾಲಿಗೆ ಸಿಕ್ಕಿ ನಿಮ್ಮ ಚೆಂಡು ಜರುಗಿದರೆ 2019ರಿಂದ ಪೆನಾಲ್ಟಿ ಇಲ್ಲ. ಇದ್ದಲ್ಲಿಗೆ ವಾಪಸ್ ಇಡಿ, ಅಷ್ಟೇ.

ಆದರೆ ಹುಡುಕುವ ಸಮಯ ಐದು ನಿಮಿಷದಿಂದ ಮೂರಕ್ಕೆ ಇಳಿದಿದೆ. ನೀವೋ ನಿಮ್ಮ ಕ್ಯಾಡಿಯೋ ಹುಡುಕಲು ಶುರುಮಾಡಿದ ಕ್ಷಣದಿಂದ ಗಡಿಯಾರ ಓಡುತ್ತದೆ. ನೀವು ಇನ್ನೂ ಫೇರ್‌ವೇಯಲ್ಲಿ ಹರಟುತ್ತಾ ಬರುತ್ತಿದ್ದೀರಿ, ಮುಂದೆ ಹೋದ ಕ್ಯಾಡಿ ಹುಲ್ಲು ಕೆದಕುತ್ತಿದ್ದಾನೆ ಅಂದರೆ ನಿಮ್ಮ ಸಮಯ ಕರಗುತ್ತಿದೆ. ‘ನಾನು ಬರೋ ತನಕ ಹುಡುಕಬೇಡಪ್ಪ’ ಅಂತ ಹೇಳುವುದಕ್ಕೆ ಅಡ್ಡಿ ಇಲ್ಲ. ಮೂರು ನಿಮಿಷದೊಳಗೆ ಒಂದು ಚೆಂಡು ಕಂಡರೆ, ಹತ್ತಿರ ಹೋಗಿ ಅದು ನಿಮ್ಮದಾ ಅಂತ ನೋಡಲು ಇನ್ನೊಂದಿಷ್ಟು ಸಮಯ ಸಿಗುತ್ತದೆ. ಮೂರು ನಿಮಿಷ ಮುಗಿದ ಮೇಲೆ ಕಂಡರೆ, ಅದರ ಮೇಲೆ ನಿಮ್ಮ ಹೆಸರೇ ಬರೆದಿದ್ದರೂ ಅದು ಕಳೆದ ಚೆಂಡು. ಅದನ್ನು ಹೊಡೆದರೆ ನಿಮ್ಮದೇ ಚೆಂಡು ರಾಂಗ್ ಬಾಲ್ ಆಗುತ್ತದೆ!

ನಿಮ್ಮ ಕ್ಯಾಡಿ ತೋರಿಸಿದ, ಮುಟ್ಟಲಿಲ್ಲ. ಒಳ್ಳೇ ಹುಡುಗ. ‘ಸಾರ್, ಸಿಕ್ತು!’ ಅಂತ ಚೆಂಡು ಎತ್ತಿ ಹಿಡಿದು ಕುಣಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೋಲಿನ ಸುತ್ತಲಿನ ಗ್ರೀನ್ ಬಿಟ್ಟು ಬೇರೆ ಕಡೆ, ನೀವು ಹೇಳದೆ ಕ್ಯಾಡಿ ನಿಮ್ಮ ಚೆಂಡು ಎತ್ತಿದರೆ ನಿಮಗೆ ಒಂದು ಸ್ಟ್ರೋಕ್. ಪಾಪ, ಅವನು ಖುಷಿಗೆ ಎತ್ತಿರುತ್ತಾನೆ. ರೌಂಡ್ ಶುರುವಾಗುವ ಮೊದಲೇ ಹೇಳಿಬಿಡಿ.

ಚೆಂಡು ಕೈಗೆ ಸಿಗದ ಕಡೆ ಇದ್ದರೆ? ಅಂಥ ದೊಡ್ಡ ಗಲಾಟೆ ಜನವರಿ 2023ರಲ್ಲಿ ದುಬೈ ಡೆಸರ್ಟ್ ಕ್ಲಾಸಿಕ್‌ನಲ್ಲಿ ಆಯಿತು. ಅಮೆರಿಕದ ಆಟಗಾರ ಪ್ಯಾಟ್ರಿಕ್ ರೀಡ್ ಅವರ ಟೀ ಶಾಟ್ 17ನೇ ಹೋಲಿನಲ್ಲಿ ಖರ್ಜೂರದ ಜಾತಿಯ ಮರದಲ್ಲಿ ಸಿಕ್ಕಿಕೊಂಡಿತು. ಕೆಳಗೆ ನಿಂತು ಬೈನಾಕ್ಯುಲರ್ ಹಾಕಿ ನೋಡಿದರು. ತಾವು ಹಾಕಿದ ಗುರುತು ಕಾಣುತ್ತಿದೆ ಅಂದರು. ರೆಫರಿಗಳೂ ಒಪ್ಪಿದರು. ಅನ್‌ಪ್ಲೇಯಬಲ್ (ಆಡಲಾಗದ ಚೆಂಡು) ಅಂತ ಒಂದೇ ಪೆನಾಲ್ಟಿ ತೆಗೆದುಕೊಂಡು ಮರದ ಹತ್ತಿರವೇ ಡ್ರಾಪ್ ಮಾಡಿದರು. ಚೆಂಡು ಹೋದದ್ದು ಬೇರೆ ಮರಕ್ಕೆ ಅಂತ ಟಿವಿಯಲ್ಲಿ ನೋಡಿದವರು ಆಮೇಲೆ ವಾದ ಮಾಡಿದರು. ಆ ವಾದಕ್ಕೆ ನಾನು ಹೋಗುವುದಿಲ್ಲ. ರೂಲ್ ದೃಷ್ಟಿಯಿಂದ ತಿಳಿಯಬೇಕಾದ್ದು ಇಷ್ಟು: ಕೆಳಗಿನಿಂದಲೇ ಗುರುತು ಹಿಡಿದರೂ ಸಾಕು, ಕೈಗೆ ಸಿಗಬೇಕಾಗಿಲ್ಲ. ಗುರುತು ಸಿಕ್ಕರೆ ಚೆಂಡಿನ ನೇರ ಕೆಳಗಿನ ನೆಲದಿಂದ ಅಳೆದು ಎರಡು ಕ್ಲಬ್ ಉದ್ದದೊಳಗೆ ಡ್ರಾಪ್. ಸಿಗದಿದ್ದರೆ ಚೆಂಡು ಕಳೆದ ಲೆಕ್ಕ, ಹಿಂದೆ ಹೊಡೆದ ಜಾಗಕ್ಕೇ ವಾಪಸ್. ‘ಅಲ್ಲೆಲ್ಲೋ ಬಿಳಿ ಕಾಣ್ತಿದೆ, ನಂದೇ ಇರಬೇಕು’ ಅನ್ನುವುದು ನಡೆಯುವುದಿಲ್ಲ. ತೆಂಗಿನ ಸಾಲಿನ ಪಕ್ಕ ಆಡುವವರು ಇದನ್ನು ನೆನಪಿಡಿ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಅಂದರೆ ಆಟದ ಬುಡವೇ ಅಲ್ಲಿದೆ. ಸಿಕ್ಕಿರುವ ಅತಿ ಹಳೆಯ ಗಾಲ್ಫ್ ನಿಯಮಗಳು 1744ರಲ್ಲಿ ಎಡಿನ್‌ಬರೊ ಪಕ್ಕದ ಲೀತ್‌ನಲ್ಲಿ ಬರೆದವು. ಒಟ್ಟು 13 ಮಾತ್ರ. ಅದರಲ್ಲಿ ಮೂರನೆಯದೇ, ಟೀಯಿಂದ ಹೊಡೆದ ಚೆಂಡನ್ನು ಬದಲಾಯಿಸಬಾರದು ಅನ್ನುವುದು. ಅದೇ ಚೆಂಡು ಹೋಲಿಗೆ ಹೋಗಬೇಕು ಅಂದರೆ, ಅದೇ ಚೆಂಡು ಅಂತ ಹೇಳಲು ನಿಮಗೆ ಬರಬೇಕು.

ಚೆಂಡಿಗೆ ಗುರುತು ಹಾಕಲೇಬೇಕು ಅಂತ ಕಡ್ಡಾಯ ಇಲ್ಲ. ಹಾಕಿ ಅಂತ ಪುಸ್ತಕ ಸಲಹೆ ಕೊಡುತ್ತದೆ, ಹಾಕದಿದ್ದರೆ ಪೆನಾಲ್ಟಿ ಇಲ್ಲ. ಇಪ್ಪತ್ತೈದು ರೂಪಾಯಿಯೋ ಮೂವತ್ತು ರೂಪಾಯಿಯೋ ಕೊಟ್ಟರೆ ಸಿಗುವ ಪರ್ಮನೆಂಟ್ ಮಾರ್ಕರ್ ಪೆನ್ ಸಾಕು. ಬರೆದು ಒಂದು ನಿಮಿಷ ಒಣಗಲು ಬಿಡಿ, ಇಲ್ಲದಿದ್ದರೆ ಬೆರಳೆಲ್ಲ ನೀಲಿ. ಒಂದೇ ಕಡೆ ಬರೆಯಬೇಡಿ. ಎದುರುಬದುರು ಎರಡು ಕಡೆ, ಸಾಧ್ಯವಾದರೆ ಮೂರು ಕಡೆ ಬರೆಯಿರಿ. ಹೇಗೆ ಬಿದ್ದರೂ ಒಂದಾದರೂ ಮೇಲೆ ಕಾಣಬೇಕು. ಕಂಡರೆ ಎತ್ತುವ ಪ್ರಸಂಗವೇ ಬರುವುದಿಲ್ಲ. ನೆನಪಿರಲಿ, ಗುರುತು ಎದ್ದು ಕಾಣುತ್ತಿರುವಾಗ ಎತ್ತಿದರೆ ಅನಗತ್ಯವಾಗಿ ಎತ್ತಿದ ತಪ್ಪು.

ನಾನು ಮೊದಲು ಇಂಗ್ಲಿಷ್ ಇನಿಷಿಯಲ್ ಬರೆಯುತ್ತಿದ್ದೆ. ಒಂದು ಸಲ ಅದೇ ಅಕ್ಷರದವರು ಇನ್ನಿಬ್ಬರು ನಮ್ಮ ಗುಂಪಿನಲ್ಲೇ ಸಿಕ್ಕರು. ಮೂರು ಚುಕ್ಕೆ ಇಟ್ಟೆ, ಅದೂ ಎಲ್ಲರೂ ಇಡುತ್ತಾರೆ. ಈಗ ‘ಞ’ ಬರೆಯುತ್ತೇನೆ. ಪ್ರೈಮರಿ ಸ್ಕೂಲ್ ಬಿಟ್ಟ ಮೇಲೆ ಆ ಅಕ್ಷರಕ್ಕೆ ನಾನು ಕೊಟ್ಟ ಮೊದಲ ಕೆಲಸ ಇದು. ಇದುವರೆಗೂ ಇನ್ನೊಂದು ‘ಞ’ ರಫ್‌ನಲ್ಲಿ ಸಿಕ್ಕಿಲ್ಲ. ನೋಡಿದ ಕ್ಯಾಡಿಗಳು ಮೊದಲು ನಗುತ್ತಾರೆ, ಆಮೇಲೆ ಹತ್ತು ಗಜದಿಂದಲೇ ‘ನಿಮ್ಮದೇ ಸಾರ್’ ಅನ್ನುತ್ತಾರೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಬಿಟ್ಟುಹೋದ ಒಂದು ವಿಷಯ. 11ನೇ ಹೋಲಿಗೆ ಕಾರ್ಡಿನಲ್ಲಿ ಎಷ್ಟು ಬರೆದಿರಿ? ಪೆನಾಲ್ಟಿ ಸೇರಿಸಿ ಬರೆದಿದ್ದು, ಚೆಂಡನ್ನು ಅದೇ ಗುಳಿಯಲ್ಲಿ ಇಟ್ಟಿದ್ದರೆ ಚಿಂತೆ ಇಲ್ಲ. ಸೇರಿಸದೆ ಕೊಟ್ಟಿದ್ದರೆ ತೊಡಕಿದೆ. ಪೆನಾಲ್ಟಿ ಇದೆ ಅಂತ ಗೊತ್ತೇ ಇಲ್ಲದೆ ಕಡಿಮೆ ಬರೆದವರಿಗೆ ರೂಲ್ 3.3ಬಿ ರಿಯಾಯಿತಿ ಕೊಡುತ್ತದೆ, ಸ್ಪರ್ಧೆ ಮುಗಿಯುವ ಮೊದಲು ಗೊತ್ತಾದರೆ ಆ ಸ್ಟ್ರೋಕ್ ಸೇರಿಸಿ ಬಿಡುತ್ತಾರೆ. ಆದರೆ ಪೆನಾಲ್ಟಿ ಇರಬಹುದು ಅಂತ ಯಾರಾದರೂ ಹೇಳಿದ ಮೇಲೂ ಕಮಿಟಿಯನ್ನು ಕೇಳದೆ ಕಾರ್ಡ್ ಕೊಟ್ಟವರಿಗೆ ಆ ರಿಯಾಯಿತಿ ಇಲ್ಲ. ಅವರಿಗೆ ಡಿಸ್ಕ್ವಾಲಿಫಿಕೇಷನ್. ನಿಮಗೆ ನಿಮ್ಮ ಮಾರ್ಕರ್ ಅಲ್ಲೇ, ಆ ಕೆಸರಿನ ಪಕ್ಕದಲ್ಲೇ ಹೇಳಿದ್ದರು. ಅವರು ಕೊಟ್ಟ ಕಾರಣ ತಪ್ಪಿರಬಹುದು, ಎಚ್ಚರಿಕೆ ಎಚ್ಚರಿಕೆಯೇ. ಕಮಿಟಿಯವರನ್ನು ಆ ದಿನವೇ ಕೇಳಿರದಿದ್ದರೆ ಇವತ್ತೇ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ಫಲಿತಾಂಶ ಏನಾಗಬೇಕು ಅಂತ ಅವರು ತೀರ್ಮಾನ ಮಾಡುತ್ತಾರೆ.